ರಬ್ಬರ್ ಸ್ಪ್ರೇ ಡಬ್ಬಿ: ಬಯಾನ್ ಲೆಪಾಸ್‌ಗೆ ಬಂದ ಮಕ್ಕಳಿಗೆ ಒಂದಷ್ಟು ಕಿವಿಮಾತು

ಅಣ್ಣನ ಮಗ, ಅವನ ಹೆಂಡತಿ ಮಲೇಷ್ಯಾದ ಪೆನಾಂಗ್‌ನ ಸುಂಗೈ ಆರಾದಲ್ಲಿ ಬಾಡಿಗೆ ಮನೆ ಹಿಡಿದು ಹಾಲು ಉಕ್ಕಿಸಿದ ಮೂರನೇ ರಾತ್ರಿ ಫೋನು ಬಂತು. "ಚಿಕ್ಕಪ್ಪಾ, ಅಡುಗೆಮನೆ ಮೇಲಿನ ತಗಡು ಸೋರ್ತಾ ಇದೆ. ರಬ್ಬರ್ ಸ್ಪ್ರೇ ತಂದಿಟ್ಟಿದ್ದೇನೆ, ಹತ್ತಿ ಹೊಡೆದುಬಿಡ್ಲಾ?" ಹೊರಗೆ ಮಳೆ ಹುಯ್ಯುತ್ತಿತ್ತು, ಮಿಂಚೂ ಇತ್ತು. "ಬೇಡ ಮಗಾ, ಅಡಿಗೆ ಬಕೆಟ್ ಇಟ್ಟು ಮಲಗು, ಬೆಳಿಗ್ಗೆ ನಾನು ಬರ್ತೇನೆ" ಅಂದೆ.

ನಾನು ಸುಳ್ಯದ ಕಡೆಯವನು. ಇಲ್ಲಿನ ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಲ್ಲಿ ದುಡಿದು ನಿವೃತ್ತನಾದೆ. 1972ರಲ್ಲಿ ಶುರುವಾದ ಬಯಾನ್ ಲೆಪಾಸ್ ಕೈಗಾರಿಕಾ ವಲಯಕ್ಕೆ ನಮ್ಮ ಎಂಜಿನಿಯರ್ ಮಕ್ಕಳು ಈಗಲೂ ಬರುತ್ತಲೇ ಇದ್ದಾರೆ. ಬರುವವರಿಗೆ ಚಿಪ್ಪಿನ ಒಳಗಿನದ್ದೆಲ್ಲ ಗೊತ್ತು. ಮನೆಯ ಮಾಡಿನ ವಿಷಯವನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ. ಮರುದಿನ ಅವನ ಮನೆಯಲ್ಲಿ ಕೂತು ಹೇಳಿದ್ದನ್ನೇ ನಿಮಗೂ ಹೇಳುತ್ತಿದ್ದೇನೆ.

• ಡಬ್ಬಿ ಬಳಸಬೇಕಾದದ್ದು ಒಣ ದಿನದಲ್ಲಿ. ಇದೊಂದು ಮನಸ್ಸಿನಲ್ಲಿ ಉಳಿದರೆ ಅರ್ಧ ಕೆಲಸ ಬಂದ ಹಾಗೆ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ರಬ್ಬರ್ ತೋಟ ನೋಡಿದವರಿಗೆ ಇದು ಹೊಸ ಮಾತಲ್ಲ. ಮಳೆಗಾಲದಲ್ಲೂ ಟ್ಯಾಪಿಂಗ್ ನಡೆಯಬೇಕಾದರೆ ಮರಕ್ಕೆ ರೈನ್‌ಗಾರ್ಡ್ ಕಟ್ಟಬೇಕು. ಮುಂಗಾರು ಹಿಡಿಯುವ ಮೊದಲೇ, ಟ್ಯಾಪಿಂಗ್ ಗೀರಿನ ಮೇಲಿನ ತೊಗಟೆಯನ್ನು ಹದವಾಗಿ ಹೆರೆದು, ಬಟ್ಟೆಯಿಂದ ಒರೆಸಿ, ಡಾಂಬರಿನಂಥ ಅಂಟು ಬಳಿಯುತ್ತಾರೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಲಂಗದ ಹಾಗೆ ನೆರಿಗೆ ಹಿಡಿದು ಸುತ್ತಿ, ಮೇಲಂಚಿಗೆ ಇನ್ನೊಂದು ಸುತ್ತು ಅಂಟು ಹಾಕುತ್ತಾರೆ. ಹುಡುಗನಾಗಿದ್ದಾಗ ಅಂಟಿನ ಡಬ್ಬಿ ಹಿಡಿದು ಅಪ್ಪನ ಹಿಂದೆ ಹೋಗುವುದು ನನ್ನ ಕೆಲಸ. ಒಂದು ವರ್ಷ ಮಳೆ ಬೇಗ ಬಂತು, ನಮ್ಮ ಕೆಲಸ ಅರ್ಧಕ್ಕೆ ನಿಂತಿತ್ತು. ಉಳಿದ ಮರಗಳಿಗೆ ಒದ್ದೆ ತೊಗಟೆಯ ಮೇಲೆಯೇ ಅಂಟು ಬಳಿದೆವು. ಎರಡು ದಿನದಲ್ಲಿ ಹಾಳೆ ಜಾರಿ ಬಿತ್ತು, ಗೆರಟೆಯಲ್ಲಿ ಹಾಲಿನ ಜೊತೆ ಮಳೆನೀರು ತುಂಬಿ ಹೊರಗೆ ಹರಿಯಿತು. ಮೊದಲೇ ಕಟ್ಟಿದ ಮರಗಳು ನಾಲ್ಕು ತಿಂಗಳೂ ಹಾಲು ಕೊಟ್ಟವು. ಅಂಟು ಅದೇ, ಕೈ ಅದೇ. ತೊಗಟೆ ಒಣಗಿತ್ತೋ ಇಲ್ಲವೋ ಅಷ್ಟೇ ವ್ಯತ್ಯಾಸ. ಸ್ಪ್ರೇ ಡಬ್ಬಿಯ ಕಥೆಯೂ ಇದೇ.

• ಇಲ್ಲಿನ ಮಳೆಯ ಲೆಕ್ಕ ಊರಿನ ಲೆಕ್ಕವಲ್ಲ. ಜೂನ್‌ನಲ್ಲಿ ಶುರುವಾಗಿ ಸೆಪ್ಟೆಂಬರ್‌ಗೆ ಮುಗಿಯುವ ಮಳೆಗಾಲವನ್ನು ಇಲ್ಲಿ ಹುಡುಕಬೇಡಿ. ಪೆನಾಂಗ್‌ನಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್‌ನಲ್ಲಿ. ಏಪ್ರಿಲ್, ಮೇ ತಿಂಗಳಲ್ಲೂ ಮಧ್ಯಾಹ್ನದ ಗುಡುಗು ಮಳೆ ಇರುತ್ತದೆ. ಸುಮಾರಾಗಿ ಒಣಗಿರುವುದು ಜನವರಿ, ಫೆಬ್ರವರಿ. ಮಾಡು ಹತ್ತುವ ಕೆಲಸವೆಲ್ಲ ಆ ಎರಡು ತಿಂಗಳಿಗೆ ಇಟ್ಟುಕೊಳ್ಳಿ. ಬೇರೆ ತಿಂಗಳಲ್ಲಿ ಮಾಡಲೇಬೇಕಾದರೆ ಇಬ್ಬನಿ ಆರಿದ ಮೇಲೆ ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿ. ಮಧ್ಯಾಹ್ನದ ಮೋಡವನ್ನು ನಂಬಬೇಡಿ.

• ಹೆಸರಿನಲ್ಲಿ ರಬ್ಬರ್ ಇದ್ದರೂ ಅದು ಮರದ ಹಾಲಲ್ಲ. ಒಂದು ಕಾಲದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ರಬ್ಬರ್ ಬೆಳೆಯುತ್ತಿದ್ದ ದೇಶದಲ್ಲಿ ಕೂತು ಇದನ್ನು ಹೇಳಬೇಕಾಗಿದೆ. ಡಬ್ಬಿಯೊಳಗೆ ಇರುವುದು ಕೃತಕ ರಬ್ಬರಿನಂಥ ವಸ್ತು, ಅದನ್ನು ಕರಗಿಸಿಟ್ಟ ದ್ರಾವಕ, ಎರಡನ್ನೂ ಹೊರಗೆ ತಳ್ಳುವ ಗ್ಯಾಸ್. ಹೆಚ್ಚಿನವುಗಳಲ್ಲಿ ಆ ಗ್ಯಾಸ್ ನಮ್ಮ ಅಡುಗೆ ಸಿಲಿಂಡರಿನ ಜಾತಿಯದ್ದೇ. ದ್ರಾವಕ ಆರಿಹೋದ ಮೇಲೆ ಉಳಿಯುವ ತೆಳು ಚರ್ಮವೇ ನೀರು ತಡೆಯುವುದು. ಆದ್ದರಿಂದ ಈ ಡಬ್ಬಿಯ ಜೊತೆ ಎರಡು ಭಯ ಇಟ್ಟುಕೊಳ್ಳಿ. ಒಂದು ಬೆಂಕಿಯದ್ದು, ಇನ್ನೊಂದು ಉಸಿರಿನದ್ದು.

• ನೀರು ತೊಟ್ಟಿಕ್ಕುವ ಜಾಗವೇ ತೂತಿನ ಜಾಗ ಅಂದುಕೊಳ್ಳಬೇಡಿ. ಊರಿನ ಹಂಚಿನ ಮನೆಯಲ್ಲಿ ಒಡೆದ ಹಂಚು ಒಂದು ಕಡೆ ಇದ್ದರೆ ನೀರು ಪಕ್ಕಾಸು ಹಿಡಿದು ಇಳಿದು ಇನ್ನೊಂದು ಕೋಣೆಯಲ್ಲಿ ಬೀಳುತ್ತಿತ್ತು. ಇಲ್ಲೂ ಹಾಗೆಯೇ. ಅಣ್ಣನ ಮಗನ ಮನೆಯಲ್ಲಿ ನೀರು ಬೀಳುತ್ತಿದ್ದದ್ದು ಗ್ಯಾಸ್ ಒಲೆಯ ಮೇಲೆ. ತೂತು ಇದ್ದದ್ದು ಅಲ್ಲಿಂದ ಒಂದೂವರೆ ಮೀಟರ್ ಮೇಲೆ, ತಗಡಿನ ಒಂದು ಸ್ಕ್ರೂವಿನ ಬುಡದಲ್ಲಿ. ಅದರ ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಕರಿಬೇವಿನ ಎಲೆಯ ಹಾಗೆ ಮುರುಟಿಕೊಂಡಿತ್ತು, ಬೆರಳು ತಾಗಿಸಿದರೆ ಪುಡಿಯಾಯಿತು. ಎರಡು ರಿಂಗಿಟ್‌ನ ಹೊಸ ವಾಷರ್ ಸ್ಕ್ರೂ ಹಾಕಿದೆವು, ಅದರ ತಲೆಯ ಸುತ್ತ ಮಾತ್ರ ಸ್ಪ್ರೇ ಹೊಡೆದೆವು. ಹಿಂದಿನ ರಾತ್ರಿ ಅವನು ಒಲೆಯ ನೇರಕ್ಕೆ ಡಬ್ಬಿ ಖಾಲಿ ಮಾಡಿದ್ದರೆ ದುಡ್ಡು ದಂಡ, ಸೋರುವುದು ನಿಲ್ಲುತ್ತಿರಲಿಲ್ಲ.

• ಹುಡುಕುವ ಕ್ರಮ: ಒಣ ದಿನ ಒಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಿ, ಇನ್ನೊಬ್ಬರು ಒಳಗೆ ನಿಂತು ನೋಡಿ. ಮಾಡಿನ ಕೆಳಗಿನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋಗಿ. ಮೇಲಿಂದ ಬಿಟ್ಟರೆ ಎಲ್ಲ ಕಡೆಯೂ ಹರಿದು ಏನೂ ತಿಳಿಯುವುದಿಲ್ಲ. ಕಂಡ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಒಂದು ದಿನ ಪೂರ್ತಿ ಒಣಗಲು ಬಿಡಿ.

• ಹೊಡೆಯುವ ರೀತಿ. ಪಾಚಿ, ತುಕ್ಕು, ಎದ್ದ ಬಣ್ಣ, ಎಣ್ಣೆ ಜಿಡ್ಡು ಎಲ್ಲವನ್ನೂ ತಂತಿ ಬ್ರಷ್‌ನಿಂದ ತಿಕ್ಕಿ ತೆಗೆಯಿರಿ. ತೊಳೆದು ಒಣಗಿಸಿ. ಡಬ್ಬಿಯೊಳಗಿನ ಗುಂಡು ಅಲ್ಲಾಡಲು ಶುರುವಾದ ಮೇಲೂ ಒಂದು ನಿಮಿಷ ಬಿಡದೆ ಅಲ್ಲಾಡಿಸಿ, ತಳದಲ್ಲಿ ಕೂತ ರಬ್ಬರ್ ಮೇಲೇಳಬೇಕು. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ದೂರ, ಅಂದರೆ 20ರಿಂದ 30 ಸೆಂಟಿಮೀಟರ್ ಹಿಡಿದು, ಕೈ ನಿಲ್ಲಿಸದೆ ಆಡಿಸುತ್ತಾ ತೆಳುವಾಗಿ ಹೊಡೆಯಿರಿ. ಬಿರುಕಿನ ಎರಡು ಕಡೆಗೂ ಮೂರು ನಾಲ್ಕು ಬೆರಳಗಲ ಹರಡಲಿ. ಮೊದಲ ಪದರ ಮುಟ್ಟಿದರೆ ಅಂಟದಷ್ಟು ಆರಿದ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ಒಂದೇ ಸಲಕ್ಕೆ ದಪ್ಪ ಹೊಡೆದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಇಲ್ಲಿನ ಗಾಳಿಯಲ್ಲಿ ತೇವ ಜಾಸ್ತಿ, ಡಬ್ಬಿಯ ಮೇಲೆ ಬರೆದಿರುವುದಕ್ಕಿಂತ ಹೆಚ್ಚು ಹೊತ್ತು ಕಾಯಿರಿ. ಪೂರ್ತಿ ಗಟ್ಟಿಯಾಗಲು ಒಂದೆರಡು ದಿನ ಬೇಕು.

ತಿಕ್ಕಿ ಒಣಗಿಸುವುದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೆಲವು ವರ್ಷದ ಹಿಂದೆ ನನ್ನ ಮನೆಯ ಮಾಡಿನ ನೀರು ಹರಿಯುವ ದಂಬೆ ರಿಪೇರಿಗೆ ಒಬ್ಬರನ್ನು ಕರೆಸಿದ್ದೆ. ನಾನು ಆ ದಿನ ಮನೆಯಲ್ಲಿರಲಿಲ್ಲ. ಅವರು ಎಲೆ ಕಸ ಕೈಯಿಂದ ತೆಗೆದು, ಹಸಿ ಪಾಚಿಯ ಮೇಲೆಯೇ ಕಪ್ಪಗೆ ಹೊಡೆದು ಹೋಗಿದ್ದರು. ನೋಡಲು ಚೆಂದ ಇತ್ತು, ಇನ್ನೂರು ರಿಂಗಿಟ್ ಕೊಟ್ಟೆ. ಹತ್ತನೇ ದಿನದ ಮಳೆಗೆ ಆ ರಬ್ಬರ್ ಅಷ್ಟೂ, ಎಣ್ಣೆ ಸವರಿದ ಕಾವಲಿಯಿಂದ ನೀರುದೋಸೆ ಏಳುವ ಹಾಗೆ, ಒಂದೇ ಹಾಳೆಯಾಗಿ ಎದ್ದು ಬಂತು. ಅದರ ಹಿಂಬದಿಯಲ್ಲಿ ಪಾಚಿ ಹಸಿರಾಗಿಯೇ ಅಂಟಿಕೊಂಡಿತ್ತು. ಸ್ಪ್ರೇ ಹೊಡೆಸುವ ಮೊದಲು ಅಡಿಯ ಮೈ ಒಣಗಿದೆಯೇ ಎಂದು ನೀವೇ ಮುಟ್ಟಿ ನೋಡಿ.

• ದೊಡ್ಡ ತೂತಿಗೆ ಬರೀ ಸ್ಪ್ರೇ ಸಾಲದು. ಬೆಂಕಿಕಡ್ಡಿ ತೂರುವಷ್ಟು ಜಾಗವಿದ್ದರೆ ಮೊದಲು ಫೈಬರ್ ಜಾಲರಿಯ ತುಂಡೋ, ತಗಡಿನ ಚೂರೋ ಇಟ್ಟು ಅದರ ಮೇಲೆ ಪದರ ಹಾಕಿ. ಹಳೆಯ ಸೊಳ್ಳೆಜಾಲಿ ತುಂಡೂ ಆಗುತ್ತದೆ.

• ಎಲ್ಲದಕ್ಕೂ ಇದು ಹಿಡಿಯುವುದಿಲ್ಲ. ಪ್ಲಾಸ್ಟಿಕ್ ನೀರಿನ ಟ್ಯಾಂಕ್, ಬಕೆಟ್, ಹಳೆ ಸಿಲಿಕೋನ್ ಇರುವ ಜಾಗ, ಇವುಗಳಿಗೆ ಅಂಟದು. ಹಳೆ ಸಿಲಿಕೋನನ್ನು ಬ್ಲೇಡಿನಿಂದ ಪೂರ್ತಿ ಕೆತ್ತಿ ತೆಗೆಯಬೇಕು. ಥರ್ಮೋಕೋಲನ್ನು ದ್ರಾವಕ ತಿಂದುಹಾಕುತ್ತದೆ. ಕಾರು ನಿಲ್ಲಿಸುವ ಕಡೆ ಹಾಕಿರುವ ಪಾರದರ್ಶಕ ಹಾಳೆ ಕೂಡ ಬಿರುಕು ಬಿಡಬಹುದು, ಮೂಲೆಯಲ್ಲೊಂದು ಚುಕ್ಕೆ ಹೊಡೆದು ಒಂದು ದಿನ ನೋಡಿ.

• ಈ ನಾಲ್ಕು ಕಡೆ ಡಬ್ಬಿಯನ್ನು ಒಯ್ಯಲೇಬೇಡಿ:
ಗ್ಯಾಸ್ ಟ್ಯೂಬು, ರೆಗ್ಯುಲೇಟರು. ವಾಸನೆ ಬಂದರೆ ವಾಲ್ವ್ ಮುಚ್ಚಿ, ಕಿಟಕಿ ತೆರೆಯಿರಿ, ಸ್ವಿಚ್ ಮುಟ್ಟದೆ ಹೊರಗೆ ಬನ್ನಿ. ಟ್ಯೂಬು ಬದಲಿಸುವುದೊಂದೇ ರಿಪೇರಿ.
ವಿದ್ಯುತ್ ತಂತಿ, ಸಾಕೆಟ್, ಮೀಟರ್ ಪೆಟ್ಟಿಗೆ. ದೀಪದ ಹೋಲ್ಡರಿನಿಂದ ನೀರು ಇಳಿಯುತ್ತಿದ್ದರೆ ಆ ಸಾಲಿನ ಸ್ವಿಚ್ಚನ್ನು ಡಿಬಿ (ಡಿಸ್ಟ್ರಿಬ್ಯೂಷನ್ ಬೋರ್ಡ್) ಪೆಟ್ಟಿಗೆಯಲ್ಲೇ ಇಳಿಸಿ, ಪರವಾನಗಿ ಇರುವ ವೈರ್‌ಮನ್ ಬರುವವರೆಗೆ ಏರಿಸಬೇಡಿ. ಒದ್ದೆ ಕೈ, ಒದ್ದೆ ಕಾಲಿನಲ್ಲಿ ಪೆಟ್ಟಿಗೆ ಮುಟ್ಟಬೇಡಿ.
ಕುಡಿಯುವ ನೀರು ತಾಗುವ ಟ್ಯಾಂಕಿನ ಒಳಮೈ. ಕುಡಿಯುವ ನೀರಿಗೆ ಯೋಗ್ಯ ಎಂದು ಸ್ಪಷ್ಟವಾಗಿ ಬರೆದಿರದ ಯಾವುದೂ ಅಲ್ಲಿಗೆ ಬೇಡ.
ಒತ್ತಡದಲ್ಲಿ ನೀರು ಹರಿಯುವ ಪೈಪು. ಒಳಗಿನ ನೀರು ಪದರವನ್ನು ಬಲೂನಿನ ಹಾಗೆ ಊದಿಸಿ ಒಡೆಯುತ್ತದೆ. ಅದಕ್ಕೆ ತನಗೆ ತಾನೇ ಅಂಟುವ ಸಿಲಿಕೋನ್ ಟೇಪು, ಪೈಪ್ ಕ್ಲಾಂಪ್ ಸಿಗುತ್ತವೆ. ಎಲ್ಲಕ್ಕೂ ಮೊದಲು ಮೀಟರಿನ ಹತ್ತಿರದ ಸ್ಟಾಪ್‌ಕಾಕ್ ಎಲ್ಲಿದೆ ಎಂದು ಮನೆಯವರೆಲ್ಲ, ಮಕ್ಕಳು ಸಹ, ಒಮ್ಮೆ ತಿರುಗಿಸಿ ನೋಡಿರಬೇಕು.

• ದೇವರ ದೀಪ ನೆನಪಿರಲಿ. ಇದು ನಮ್ಮ ಮನೆಗಳಿಗೇ ಹೇಳಬೇಕಾದ ಮಾತು. ಸ್ಪ್ರೇಯಿಂದ ಬರುವ ಗ್ಯಾಸ್ ಗಾಳಿಗಿಂತ ಭಾರ. ಅದು ಮೇಲೆ ಹೋಗದೆ ನೆಲ ಹಿಡಿದು ಹರಿಯುತ್ತದೆ. ಬಾಲ್ಕನಿಯಲ್ಲಿ ಹೊಡೆದದ್ದು ಬಾಗಿಲ ಸಂದಿಯಿಂದ ಒಳಗೆ ಬಂದು ದೇವರ ಮುಂದಿನ ನಂದಾದೀಪದ ಎತ್ತರಕ್ಕೆ ಮುಟ್ಟಬಹುದು. ಕೆಲಸಕ್ಕೆ ಮುಂಚೆ ದೀಪ, ಊದುಬತ್ತಿ, ಒಲೆ ಎಲ್ಲ ಶಾಂತವಾಗಿರಲಿ. ಮುಗಿದ ಮೇಲೂ ವಾಸನೆ ಪೂರ್ತಿ ಹೋಗುವವರೆಗೆ ಹಚ್ಚಬೇಡಿ. ಸಂಜೆ ದೀಪ ಒಂದು ತಾಸು ತಡವಾದರೆ ದೇವರು ಮುನಿಯುವುದಿಲ್ಲ.

• ಬಚ್ಚಲು, ಸ್ಟೋರ್ ರೂಮಿನಂಥ ಕಿಟಕಿಯಿಲ್ಲದ ಕೋಣೆಯಲ್ಲಿ ಹೊಡೆಯಬೇಡಿ. ಬಟ್ಟೆಯ ಮಾಸ್ಕ್ ದ್ರಾವಕದ ಹೊಗೆಯನ್ನು ತಡೆಯುವುದಿಲ್ಲ. ಬಸುರಿಯರು, ಚಿಕ್ಕ ಮಕ್ಕಳು, ದಮ್ಮಿನ ತೊಂದರೆ ಇರುವವರು ಆ ಹೊತ್ತು ಬೇರೆ ಮನೆಗೆ ಹೋಗಿಬರಲಿ. ಕೈಗೆ ಅಂಟಿದ್ದನ್ನು ಪೆಟ್ರೋಲಿನಿಂದ ತೊಳೆಯಬೇಡಿ, ಕೊಬ್ಬರಿ ಎಣ್ಣೆ ತಿಕ್ಕಿ ಸಾಬೂನು ಹಾಕಿ. ಕಣ್ಣಿಗೆ ಹಾರಿದರೆ ಕಾಲು ಗಂಟೆ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

• ಡಬ್ಬಿಯನ್ನು ಕಾರಿನಲ್ಲಿ ಬಿಡಬೇಡಿ. 50 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದು ಡಬ್ಬಿಯ ಮೇಲೇ ಇರುತ್ತದೆ. ಬಯಾನ್ ಬಾರುವಿನ ಬಯಲಿನಲ್ಲಿ ಮಧ್ಯಾಹ್ನ ನಿಲ್ಲಿಸಿದ ಕಾರಿನ ಒಳಗೆ ಅಷ್ಟು ಬಿಸಿ ಸುಲಭವಾಗಿ ಏರುತ್ತದೆ. ಊರಿಗೆ ಒಯ್ಯುವ ಆಸೆಯೂ ಬೇಡ. ಉರಿಯುವ ಇಂಥ ಸ್ಪ್ರೇಯನ್ನು ವಿಮಾನದಲ್ಲಿ ಕೈಚೀಲದಲ್ಲೂ, ಲಗೇಜಿನಲ್ಲೂ ಬಿಡುವುದಿಲ್ಲ. ಮಂಗಳೂರಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ ಎಂದು ಅಪ್ಪನಿಗೆ ಹೇಳಿ.

• ಫ್ಲ್ಯಾಟಿನಲ್ಲಿರುವವರು ಮೊದಲು ಫೋಟೋ ತೆಗೆಯಿರಿ, ಆಮೇಲೆ ಡಬ್ಬಿ. ನಮ್ಮವರಲ್ಲಿ ಹೆಚ್ಚಿನವರು ಕಾಂಡೋಗಳಲ್ಲೇ ಇರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಚ್ಚಲಿನ ಮೇಲ್ಛಾವಣಿಯಲ್ಲಿ ಒದ್ದೆ ಕಲೆ ಕಂಡ ಕೂಡಲೇ ಕೆಳಗಿನಿಂದ ಸ್ಪ್ರೇ ಹೊಡೆದರೆ ಎರಡು ನಷ್ಟ. ನೀರು ಕಾಂಕ್ರೀಟಿನ ಒಳಗೇ ಉಳಿದು ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ. ಕಲೆ ಮುಚ್ಚಿಹೋಗಿ ನಿಮ್ಮ ಕೈಯಲ್ಲಿದ್ದ ಸಾಕ್ಷಿಯೂ ಹೋಗುತ್ತದೆ. ಮಲೇಷ್ಯಾದಲ್ಲಿ 2013ರ ಸ್ಟ್ರಾಟಾ ಮ್ಯಾನೇಜ್‌ಮೆಂಟ್ ಕಾಯಿದೆ ಇದೆ, ಅದರ ಅಡಿಯಲ್ಲಿ 2015ರ ನಿಯಮಗಳಿವೆ. ಛಾವಣಿಯಲ್ಲಿ ತೇವ ಕಂಡರೆ, ಬೇರೆ ಕಾರಣ ಸಾಬೀತಾಗುವವರೆಗೆ, ದೋಷ ಮೇಲಿನ ಮನೆಯದ್ದು ಎಂದೇ ನಿಯಮ ಹಿಡಿಯುತ್ತದೆ. ನೀವು ನೋಟಿಸ್ ಕೊಟ್ಟ ಏಳು ದಿನದೊಳಗೆ ಆಡಳಿತದವರು ಬಂದು ಪರೀಕ್ಷಿಸಬೇಕು. ಆದ್ದರಿಂದ ದಿನಾಂಕ ಕಾಣುವಂತೆ ಫೋಟೋ ತೆಗೆದು, ಲಿಖಿತವಾಗಿ ದೂರು ಕೊಟ್ಟು, ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಮನೆ ಮಾಲೀಕರಿಗೂ ತಿಳಿಸಿ. ಮೇಲಿನ ಮನೆಯವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಅವರಿಗೆ ತಮ್ಮ ನೆಲದಿಂದ ನೀರು ಇಳಿಯುತ್ತಿರುವುದು ಗೊತ್ತೇ ಇರುವುದಿಲ್ಲ.

• ಹಳೆ ಮನೆಯ ಬೂದು ಬಣ್ಣದ ಸಿಮೆಂಟ್ ಶೀಟಿನ ಮಾಡಾದರೆ ಹತ್ತಬೇಡಿ, ಉಜ್ಜಬೇಡಿ. ಆ ಕಾಲದ ಶೀಟುಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕಾಲಿಟ್ಟರೆ ಮುರಿದು ಕೆಳಗೆ ಬೀಳುವ ಅಪಾಯವೂ ಇದೆ.

• ದಂಬೆಯಲ್ಲಿ ಸ್ಪ್ರೇ ಗಡ್ಡೆ ಕಟ್ಟದಂತೆ ನೋಡಿಕೊಳ್ಳಿ. ಗಡ್ಡೆ ಒಂದು ಸಣ್ಣ ಕಟ್ಟದ ಹಾಗೆ ನಿಂತರೆ ಅದರ ಹಿಂದೆ ನೀರು ನಿಲ್ಲುತ್ತದೆ, ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ಲಾರ್ವಾ ಸಿಕ್ಕ ಮನೆಗೆ ಇಲ್ಲಿ 1975ರ ಕಾಯಿದೆಯಡಿ ದಂಡ ಇದೆ. ದಂಡ ಹಾಗಿರಲಿ, ಮಗುವಿಗೆ ಡೆಂಗಿ ಬಂದ ಮನೆಯ ರಾತ್ರಿಗಳನ್ನು ನಾನು ನೋಡಿದ್ದೇನೆ.

• ನೆರೆನೀರಿಗೆ ಡಬ್ಬಿ ಹಿಡಿಯಬೇಡಿ. 2017ರ ನವೆಂಬರ್ 4ರ ಶನಿವಾರ ಶುರುವಾದ ಗಾಳಿಮಳೆ ಮರುದಿನಕ್ಕೂ ಬಿಡಲಿಲ್ಲ. ಪೆನಾಂಗ್‌ನಲ್ಲಿ ಏಳು ಮಂದಿ ತೀರಿಹೋದರು, ಸೈನ್ಯ ಬರಬೇಕಾಯಿತು. ಆ ರಾತ್ರಿ ಕೆಲವು ಮನೆಗಳವರು ಬಾಗಿಲ ಸಂದಿ ಮುಚ್ಚುವುದರಲ್ಲೇ ಹೊತ್ತು ಕಳೆದರು, ಅಷ್ಟರಲ್ಲಿ ಬಚ್ಚಲಿನ ಕಿಂಡಿಯಿಂದ ನೀರು ಉಕ್ಕಿ ಒಳಗೆ ಬಂತು. ನೀರು ಅಂಗಳಕ್ಕೆ ಏರುತ್ತಿದ್ದರೆ ಮಾಡಬೇಕಾದದ್ದು ಇಷ್ಟು: ನೀರು ಸಾಕೆಟ್ ಮುಟ್ಟುವ ಮೊದಲೇ ಮೈನ್ ಇಳಿಸಿ, ಗ್ಯಾಸ್ ಮುಚ್ಚಿ, ಪಾಸ್‌ಪೋರ್ಟು, ಔಷಧಿ, ಮಕ್ಕಳನ್ನು ಹಿಡಿದು ಮೇಲಿನ ಮಹಡಿಗೆ ಹೋಗಿ. 999ಕ್ಕೆ ಫೋನು ಮಾಡಿ, ಅಗ್ನಿಶಾಮಕದವರಿಗೆ ಇಲ್ಲಿ ಬೊಂಬಾ ಎನ್ನುತ್ತಾರೆ. ಕಾರು ಉಳಿಸಲು ಇಳಿಯಬೇಡಿ. ನೀರು ಇಳಿದ ಮೇಲೆ ಬೂಟು, ಕೈಗವಸು ಇಲ್ಲದೆ ಕೆಸರು ಬಾಚಬೇಡಿ. ನಮ್ಮೂರಿನ ಇಲಿಜ್ವರ ಇಲ್ಲೂ ಇದೆ, ಕಾಲಿನ ಸಣ್ಣ ಗಾಯ ಸಾಕು ಅದಕ್ಕೆ.

• ನೀರಿಲ್ಲದ ದಿನವೂ ಆಪತ್ತೇ. 2024ರ ಜನವರಿ 10ರಿಂದ 14ರವರೆಗೆ ಸುಂಗೈ ದುವಾ ಶುದ್ಧೀಕರಣ ಘಟಕದ ದೊಡ್ಡ ವಾಲ್ವುಗಳನ್ನು ಬದಲಿಸಲು ಪೆನಾಂಗ್‌ನ ಸುಮಾರು 5,90,000 ಬಳಕೆದಾರರಿಗೆ ನೀರು ನಿಲ್ಲುತ್ತದೆ ಎಂದು ಮೊದಲೇ ಸಾರಿದ್ದರು. ಆಗ ಎಷ್ಟೋ ಮನೆಗಳಲ್ಲಿ ಡ್ರಮ್ ತುಂಬಿಸಿಟ್ಟರು. ತುಂಬಿಸಿದ ಮೇಲೆ ಸೋರುತ್ತದೆ ಎಂದು ತಿಳಿದು ಸ್ಪ್ರೇ ಹುಡುಕಿದವರೂ ಇದ್ದರು. ಆಗಲೇ ಹೇಳಿದೆನಲ್ಲ, ಪ್ಲಾಸ್ಟಿಕ್ ಡ್ರಮ್ಮಿಗೆ ಅದು ಅಂಟುವುದಿಲ್ಲ, ಕುಡಿಯುವ ನೀರಿಗೆ ಸಲ್ಲುವುದೂ ಇಲ್ಲ. ಡ್ರಮ್ಮನ್ನು ಒಂದು ವಾರ ಮುಂಚೆ ತುಂಬಿಸಿ ನೋಡಿ. ಅಡುಗೆಗೆ, ಕುಡಿಯಲಿಕ್ಕೆ ಸ್ಟೀಲ್ ಕೊಡ, ಹಂಡೆಗಳನ್ನು ಇಟ್ಟುಕೊಳ್ಳಿ. ಊರಿಂದ ತಂದ ಹಂಡೆ ಇಲ್ಲಿ ಭಾರ ಅಂತ ಕೊಟ್ಟುಬಿಡಬೇಡಿ.

• ಮಳೆಯ ರಾತ್ರಿಗೆ ಬೇಕಾದ ಪೆಟ್ಟಿಗೆ ಬೇರೆ. ಒಂದು ಟಾರ್ಪಾಲು, ಹತ್ತು ಮೀಟರ್ ನೈಲಾನ್ ಹಗ್ಗ, ಬ್ಯೂಟೈಲ್ ಟೇಪು, ಎರಡು ಬಕೆಟ್, ಹಳೆ ಪಂಚೆ, ತಲೆಗೆ ಕಟ್ಟುವ ಟಾರ್ಚು, ಚಾರ್ಜು ತುಂಬಿದ ಪವರ್ ಬ್ಯಾಂಕು. ತೊಟ್ಟಿಕ್ಕುವ ಜಾಗದಿಂದ ಬಕೆಟ್ಟಿಗೆ ಒಂದು ದಾರ ಇಳಿಬಿಟ್ಟರೆ ನೀರು ದಾರ ಹಿಡಿದು ಸದ್ದಿಲ್ಲದೆ ಇಳಿಯುತ್ತದೆ, ನೆಲಕ್ಕೆ ಎರಚುವುದಿಲ್ಲ. ಅಜ್ಜಿ ಬಾಳೆನಾರಿನಲ್ಲಿ ಹೀಗೆ ಮಾಡುತ್ತಿದ್ದರು. ರಾತ್ರಿ ಅಷ್ಟೇ ಸಾಕು.

• ಅಂಗಡಿಯಲ್ಲಿ ಮಲಯ್ ಬಾರದಿದ್ದರೆ "ಬೋಚೋರ್" ಅನ್ನಿ, ಸೋರುವುದು ಎಂದು ಅರ್ಥ. ತಗಡಿನ ಮಾಡಿಗೆ "ಆತಪ್ ಜಿಂಕ್". ಫೋನಿನಲ್ಲಿ ತೆಗೆದ ಫೋಟೋ ತೋರಿಸಿದರೆ ಅಂಗಡಿಯವರೇ ಸರಿಯಾದ ವಾಷರ್, ಟೇಪು ಆರಿಸಿಕೊಡುತ್ತಾರೆ. ಡಬ್ಬಿಗಿಂತ ಮೊದಲು ವಾಷರ್ ಕೇಳಿ.

• ಹೊಡೆದ ಜಾಗದ ಪಕ್ಕ ತಾರೀಖು ಬರೆದಿಡಿ. ಬಿಸಿಲು ರಬ್ಬರನ್ನು ತಿನ್ನುತ್ತದೆ. ಆರು ತಿಂಗಳಿಗೊಮ್ಮೆ ನೋಡಿ, ಅಂಚು ಎದ್ದಿದ್ದರೆ ಕೆತ್ತಿ ತೆಗೆದು ಹೊಸದಾಗಿ ಮಾಡಿ. ಎರಡನೇ ಸಲವೂ ಅದೇ ಜಾಗ ಸೋರಿದರೆ ಡಬ್ಬಿ ಕೆಳಗಿಟ್ಟು ತಗಡು ಬದಲಿಸಿ.

ಅಣ್ಣನ ಮಗನ ಅಡುಗೆಮನೆ ಈಗ ಸೋರುತ್ತಿಲ್ಲ. ಅವನ ಹೆಂಡತಿ ಸ್ಕ್ರೂವಿನ ಪಕ್ಕ ತಗಡಿನ ಮೇಲೆ ತಾರೀಖು ಬರೆದಿದ್ದಾಳೆ, ಡಿಬಿ ಪೆಟ್ಟಿಗೆಯ ಪ್ರತಿ ಸ್ವಿಚ್ಚಿನ ಕೆಳಗೆ ಕನ್ನಡದಲ್ಲಿ ಚೀಟಿ ಅಂಟಿಸಿದ್ದಾಳೆ. ನಿಮ್ಮ ಮನೆಯ ಮಾಡನ್ನು ಇನ್ನೂ ನೋಡಿಲ್ಲವಾದರೆ ಈ ವಾರವೇ, ಬಿಸಿಲಿರುವ ಬೆಳಿಗ್ಗೆ ಒಮ್ಮೆ ನೋಡಿ. ಏಣಿ ನನ್ನ ಮನೆಯಲ್ಲಿದೆ, ಬಂದು ತೆಗೆದುಕೊಂಡು ಹೋಗಿ. ಒಬ್ಬರೇ ಹತ್ತಬೇಡಿ, ಕೆಳಗೆ ಹಿಡಿಯಲು ನಾನು ಬರುತ್ತೇನೆ.